ಒಂಬತ್ತು ಕಂಪ್ಯೂಟರ್, ಒಂದು ಸರ್ವರ್, 37 ಜೀನ್

ಬಹರೈನ್‌ನ ಹಮದ್ ಟೌನ್‌ನಿಂದ ಮಾಡುವ ಈ ಕಾರ್ಯಕ್ರಮದಲ್ಲಿ ನಾವು ಮಾತಾಡೋದು ಸಾಮಾನ್ಯವಾಗಿ ಜೀವಕೋಶ, ಪ್ರೋಟೀನು, ಬ್ಯಾಕ್ಟೀರಿಯಾ ಇಂಥವುಗಳ ಬಗ್ಗೆ. ನಮ್ಮ ಓದು, ನಮ್ಮ ಹೊಟ್ಟೆಪಾಡು ಎರಡೂ ಅದೇ. ಇವತ್ತಿನದು ಅಭಿಪ್ರಾಯದ ಸಂಚಿಕೆ, ವಿಷಯ ಕಂಪ್ಯೂಟರು. ಅದೂ ಒಂದು ಏಸಿ ರಿಪೇರಿ ಆಫೀಸಿನ ಒಂಬತ್ತು ಕಂಪ್ಯೂಟರುಗಳು. ಜೀವಶಾಸ್ತ್ರದವರಿಗೆ ಇಲ್ಲೇನು ಕೆಲಸ ಅಂತ ಕೇಳಬೇಡಿ, ಅರ್ಧ ದಾರಿಗೆ ಬರುವಷ್ಟರಲ್ಲಿ ಮೈಟೋಕಾಂಡ್ರಿಯಾ ಬಂದೇ ಬರುತ್ತೆ.

ಹಮದ್ ಟೌನ್ ನೋಡದವರಿಗೆ ಎರಡು ಮಾತು. 1980ರ ದಶಕದಲ್ಲಿ ಸರ್ಕಾರ ಯೋಜನೆ ಹಾಕಿ ಕಟ್ಟಿಸಿದ ಊರು ಇದು. ಉದ್ದಕ್ಕೆ ದೊಡ್ಡ ರಸ್ತೆ, ಅದರ ಮೇಲೆ ಸಾಲಾಗಿ ಸರ್ಕಲ್‌ಗಳು, ಸರ್ಕಲ್‌ಗಳಿಗೆ ನಂಬರು. ಬೀದಿಯ ಹೆಸರು ಹೇಳೋರು ಕಡಿಮೆ. ‘ಇಷ್ಟನೇ ದವ್ವಾರ್ ಹತ್ರ’ ಅಂದ್ರೆ ಸಾಕು, ಟ್ಯಾಕ್ಸಿಯವರು ಬಂದು ನಿಲ್ಲುತ್ತಾರೆ. ಪಕ್ಕದಲ್ಲೇ ದಿಲ್ಮುನ್ ಕಾಲದ, ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ಸಮಾಧಿ ದಿಬ್ಬಗಳಿವೆ. 2019ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಅದು ಬೇರೆ ದಿನದ ಕಥೆ. ಇವತ್ತಿನ ಕಥೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರುವ ಆಫೀಸಿನದು. ಯಜಮಾನರು ಕುಂದಾಪುರದ ಕಡೆಯವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಏಸಿ ಹಾಕೋದು, ಗ್ಯಾಸ್ ತುಂಬೋದು, ಬಿಡಿಭಾಗ ಮಾರೋದು ಅವರ ವ್ಯಾಪಾರ. ಇದನ್ನು ರೆಕಾರ್ಡ್ ಮಾಡ್ತಿರೋದು 2025ರ ಜುಲೈಯಲ್ಲಿ. ಈ ತಿಂಗಳು ಇಲ್ಲಿ ಏಸಿ ನಿಂತರೆ ಅದು ಸೆಖೆಯ ತಾಪತ್ರಯಕ್ಕೆ ಮುಗಿಯೋದಿಲ್ಲ. ಮನೇಲಿ ಹಸುಗೂಸು, ವಯಸ್ಸಾದವರು ಇದ್ದರೆ ಜೀವದ ಪ್ರಶ್ನೆ. ಅವರ ಫೋನು ರಾತ್ರಿ ಹನ್ನೊಂದಕ್ಕೂ ಹೊಡ್ಕೊಳ್ತಾ ಇರುತ್ತೆ.

ಹೋದ ತಿಂಗಳು ಒಂದು ಸಂಜೆ ಕರೆದರು. “ಡಾಕ್ಟ್ರೇ, ಒಂದು ಐದು ನಿಮಿಷ ಬನ್ನಿ ಮಾರಾಯ್ರೆ. ಎರಡು ಕೊಟೇಶನ್ ಬಂದಿದೆ, ಎರಡೂ ನಂಗೆ ಅರ್ಥ ಆಗ್ಲಿಲ್ಲ.” ನಮ್ಮ ಪಿಎಚ್‌ಡಿಯನ್ನು ಅವರು ಮೊದಲ ದಿನದಿಂದಲೂ ಎಂಬಿಬಿಎಸ್ ಅಂತಲೇ ತಿಳಿದಿದ್ದಾರೆ, ಮೊಣಕಾಲು ನೋವಿಗೂ ನಮ್ಮನ್ನೇ ಕೇಳ್ತಾರೆ, ಕಂಪ್ಯೂಟರಿಗೂ ನಮ್ಮನ್ನೇ.

ಸಮಸ್ಯೆ ಏನಪ್ಪಾ ಅಂದ್ರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ಮುಗಿಯೋದಿತ್ತು. ಅವರ ಒಂಬತ್ತೂ ಕಂಪ್ಯೂಟರು ಹಳೇವು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಒಂದು ಹಂತಕ್ಕಿಂತ ಹೊಸ ಪ್ರೊಸೆಸರ್ ಬೇಕು. ಇವರಲ್ಲಿ ಎರಡೂ ಇಲ್ಲ. ಮೊದಲನೇ ಕೊಟೇಶನ್ ಒಂಬತ್ತು ಹೊಸ ಕಂಪ್ಯೂಟರಿಗೆ. ಎರಡನೆಯದು ಒಂಬತ್ತು ಥಿನ್ ಕ್ಲೈಂಟ್, ಜೊತೆಗೆ ಎಲ್ಲೋ ಇರುವ ಒಂದು ಸರ್ವರಿಗೆ ತಿಂಗಳ ಬಾಡಿಗೆ. ಮಾರಲು ಬಂದ ಹುಡುಗ ‘ಇನ್ನು ನಿಮಗೆ ತಲೆಬಿಸಿಯೇ ಇಲ್ಲ’ ಅಂತ ಹೇಳಿ ಹೋಗಿದ್ದನಂತೆ. ಯಜಮಾನರಿಗೆ ತಲೆಬಿಸಿ ಶುರುವಾದದ್ದೇ ಆ ಮಾತಿನಿಂದ.

ಥಿನ್ ಕ್ಲೈಂಟ್ ಅಂದ್ರೇನು? ಅಂಗೈ ಅಗಲದ ಡಬ್ಬಿ. ಮಾನಿಟರು, ಕೀಬೋರ್ಡು, ಮೌಸು ಅದಕ್ಕೆ ಸಿಕ್ಕಿಸ್ತೀರಿ. ಒಳಗೆ ನಿಮ್ಮ ಕಡತ ಇಲ್ಲ, ಟ್ಯಾಲಿ ಇಲ್ಲ, ಎಕ್ಸೆಲ್ ಇಲ್ಲ. ನೀವು ಒತ್ತಿದ ಕೀಲಿಯನ್ನು ಅದು ಸರ್ವರಿಗೆ ಕಳಿಸುತ್ತೆ, ಸರ್ವರು ಕೆಲಸ ಮಾಡಿ ಪರದೆಯ ಚಿತ್ರವನ್ನು ವಾಪಸ್ ಕಳಿಸುತ್ತೆ. ಕೂತವರಿಗೆ ಕಂಪ್ಯೂಟರು ಎದುರಿಗೇ ಇದ್ದ ಹಾಗೆ ಅನಿಸಬೇಕು, ಅದೇ ಅದರ ಚಂದ. ಹಳೇ ಐಡಿಯಾ ಇದು. 1970ರ ದಶಕದ ಮೇನ್‌ಫ್ರೇಮ್ ಟರ್ಮಿನಲ್‌ಗಳು ಇದನ್ನೇ ಮಾಡ್ತಿದ್ದವು. ಆಮೇಲೆ ಪರ್ಸನಲ್ ಕಂಪ್ಯೂಟರು ಬಂದು ಪ್ರತಿಯೊಬ್ಬರ ಮೇಜಿಗೂ ಒಂದೊಂದು ಮಿದುಳು ಕೊಟ್ಟಿತು. 1989ರಲ್ಲಿ ಶುರುವಾದ ಸಿಟ್ರಿಕ್ಸ್, 1996ರಲ್ಲಿ ನೆಟ್‌ವರ್ಕ್ ಕಂಪ್ಯೂಟರ್ ಅಂತ ಗಲಾಟೆ ಎಬ್ಬಿಸಿದ ಒರಾಕಲ್‌ನ ಲ್ಯಾರಿ ಎಲಿಸನ್, 1999ರ ಸನ್ ರೇ, ಇವೆಲ್ಲ ಆ ಮಿದುಳನ್ನು ಮತ್ತೆ ನಡುಮನೆಗೆ ಒಯ್ಯುವ ಪ್ರಯತ್ನಗಳು. ನಮ್ಮ ಬೆಂಗಳೂರಿನಲ್ಲೂ ವಿಎಕ್ಸ್‌ಎಲ್ ಇನ್‌ಸ್ಟ್ರುಮೆಂಟ್ಸ್ ಅನ್ನುವ ಕಂಪನಿ ಈ ಡಬ್ಬಿಗಳನ್ನು ತಯಾರಿಸಿ ಹೊರದೇಶಕ್ಕೂ ಮಾರಿದೆ. ಬೆಂಗಳೂರು ಅಂದ್ರೆ ಸಾಫ್ಟ್‌ವೇರ್ ಮಾತ್ರ ಅನ್ನೋರಿಗೆ ಇದು ಗೊತ್ತಿರೋದಿಲ್ಲ.

ಗಲ್ಫಿನ ಸಣ್ಣ ಆಫೀಸುಗಳಲ್ಲಿ ಇದು ಬಂದಿರೋದು ಹೆಚ್ಚಾಗಿ ಹಿಂಬಾಗಿಲಿನಿಂದ. ಲೆಕ್ಕಕ್ಕೆ ಬೆಂಗಳೂರಿನ ಟ್ಯಾಲಿ ಇರುತ್ತೆ, ಅದನ್ನು ಒಂದು ಸರ್ವರಿನಲ್ಲಿ ಹಾಕಿ, ಮನಾಮದ ಬ್ರಾಂಚಿನವರೂ ಊರಲ್ಲಿ ಕೂತ ಅಕೌಂಟೆಂಟೂ ರಿಮೋಟ್ ಡೆಸ್ಕ್‌ಟಾಪಿನಿಂದ ಒಳಗೆ ಬರ್ತಾರೆ. ಹೆಸರು ಗೊತ್ತಿಲ್ಲದೇನೇ ಅವರೆಲ್ಲ ಅರ್ಧ ಥಿನ್ ಕ್ಲೈಂಟ್ ಆಗಿಬಿಟ್ಟಿದ್ದಾರೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೇವೆ. ಯಜಮಾನರ ಆಫೀಸಿಗೆ ಎರಡನೇ ಕೊಟೇಶನ್ನೇ ಸರಿ, ಆದರೆ ಆ ಹುಡುಗ ಬರೆದುಕೊಟ್ಟ ಹಾಗಲ್ಲ. ಯಾಕೆ ಅನ್ನೋದೇ ಈ ಸಂಚಿಕೆ.

ಕೇಂದ್ರಕ್ಕೆ ಒಯ್ಯುವುದರಲ್ಲಿ ಲಾಭ ಇದೆ, ಅದನ್ನು ಕಡಿಮೆ ಮಾಡಿ ಹೇಳಬಾರದು. ಎರಡು ವರ್ಷದ ಹಿಂದೆ ಇದೇ ಆಫೀಸಿನಲ್ಲಿ ಅಕೌಂಟ್ಸ್ ಮೇಜಿನ ಹಾರ್ಡ್ ಡಿಸ್ಕ್ ಸತ್ತುಹೋಯಿತು. ಬ್ಯಾಕಪ್ ಇತ್ತು, ಅದೇ ಹಾರ್ಡ್ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ. ನಗಬೇಡಿ, ನಾವೂ ಪಿಎಚ್‌ಡಿ ಮಾಡುವಾಗ ಎಂಟು ತಿಂಗಳ ಮಾಪನಗಳನ್ನು ಹೀಗೇ ಕಳಕೊಂಡವರು. ಬಹರೈನ್‌ನಲ್ಲಿ 2019ರಲ್ಲಿ ವ್ಯಾಟ್ ಬಂತು, ಶೇಕಡಾ 5. 2022ರಿಂದ ಶೇಕಡಾ 10. ಹಳೇ ಬಿಲ್ಲು ಕೇಳಿದರೆ ತೋರಿಸಬೇಕು. ಆ ವರ್ಷ ಅವರು ಗ್ರಾಹಕರ ಕೈಯಲ್ಲಿದ್ದ ರಸೀದಿಗಳ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಂಡು ಲೆಕ್ಕ ಮರುಕಟ್ಟಿದರು. ಮೂರು ವಾರ ಅಂಗಡಿ ಮುಚ್ಚಿದ ಮೇಲೆ ಕೂತು ಮಾಡಿದ ಕೆಲಸ. ಲೆಕ್ಕ ಒಂದೇ ಕಡೆ ಇದ್ದು, ಅದರ ನಕಲು ದಿನಾ ತಾನಾಗಿಯೇ ಇನ್ನೊಂದು ಕಡೆಗೆ ಹೋಗ್ತಾ ಇದ್ದಿದ್ದರೆ ಆ ಮೂರು ವಾರ ಉಳೀತಿತ್ತು.

ಬಿಸಿಯ ಲೆಕ್ಕವೂ ಇದೆ. ಮಾಮೂಲಿ ಆಫೀಸ್ ಕಂಪ್ಯೂಟರಿನ ಪೆಟ್ಟಿಗೆ 50ರಿಂದ 100 ವಾಟ್ ತಗೊಳ್ಳುತ್ತೆ ಅಂದ್ಕೊಳ್ಳಿ, ಥಿನ್ ಕ್ಲೈಂಟಿಗೆ 5ರಿಂದ 15 ಸಾಕು. ಮೇಜಿಗೆ 55 ವಾಟ್ ಉಳಿದರೂ ಒಂಬತ್ತು ಮೇಜಿಗೆ ಸುಮಾರು 500 ವಾಟ್. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಬರುವ ಬಿಸಿ ಹತ್ತಿರಹತ್ತಿರ 100 ವಾಟ್. ಅಂದ್ರೆ ಆ ಕೋಣೆಯಿಂದ ಐದು ಜನರನ್ನು ಎಬ್ಬಿಸಿ ಕಳಿಸಿದ ಹಾಗೆ. ಏಸಿಯವರಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ. ಸರ್ವರು ಇನ್ನೆಲ್ಲೋ ಬಿಸಿ ಬಿಡ್ತಾ ಇರುತ್ತೆ, ಅದನ್ನೂ ಯಾರೋ ತಣ್ಣಗೆ ಮಾಡಬೇಕು, ಆ ಮಾತು ಬೇರೆ. ಜೊತೆಗೆ ಇಲ್ಲಿಯ ಧೂಳು. ಫ್ಯಾನಿಲ್ಲದ ಡಬ್ಬಿಗೆ ಮರಳು ಎಳೆದುಕೊಳ್ಳುವ ಬಾಯೇ ಇಲ್ಲ.

ಇನ್ನು ಭದ್ರತೆ. 2012ರ ಆಗಸ್ಟ್ 15. ಇಲ್ಲಿಂದ 25 ಕಿಲೋಮೀಟರ್ ಉದ್ದದ ಕಿಂಗ್ ಫಹದ್ ಸೇತುವೆ ದಾಟಿದರೆ ಸೌದಿ; ಆಚೆ ದಹ್ರಾನ್‌ನಲ್ಲಿ ಅರಾಮ್ಕೋದ ಮುಖ್ಯ ಕಚೇರಿ. ಆ ದಿನ ಶಮೂನ್ ಅನ್ನುವ ಕುತಂತ್ರಾಂಶ ಅರಾಮ್ಕೋದ ಸುಮಾರು 30,000 ಕಂಪ್ಯೂಟರುಗಳ ಡಿಸ್ಕನ್ನು ಅಳಿಸಿಹಾಕಿತು. ಮೇಜುಮೇಜಿಗೂ ಡಿಸ್ಕು, ಮೇಜುಮೇಜಿಗೂ ಗಾಯ. ಥಿನ್ ಕ್ಲೈಂಟ್ ಮಾರುವವರು ಇವತ್ತಿಗೂ ಈ ಕಥೆ ಹೇಳ್ತಾರೆ, ತಪ್ಪೇನಿಲ್ಲ. ಡಬ್ಬಿಯಲ್ಲಿ ಅಳಿಸೋಕೆ ಏನೂ ಇಲ್ಲದಿದ್ದರೆ ಕದಿಯೋಕೂ ಇಲ್ಲ, ಸುಡೋಕೂ ಇಲ್ಲ.

ಆದರೆ ಅದೇ ಮಾರುವವರು ಹೇಳದ ಎರಡನೇ ಕಥೆ ಉಂಟು. 2019ರ ಡಿಸೆಂಬರ್ 29ರಂದು ಡಸ್ಟ್‌ಮನ್ ಅನ್ನುವ ಇನ್ನೊಂದು ಅಳಿಸುವ ತಂತ್ರಾಂಶದ ದಾಳಿ ನಡೆಯಿತು. ಸೌದಿಯ ಸೈಬರ್ ಭದ್ರತಾ ಪ್ರಾಧಿಕಾರ ಅದರ ವಿಶ್ಲೇಷಣೆ ಪ್ರಕಟಿಸಿತು. ದಾಳಿಗೆ ಒಳಗಾದದ್ದು ನಮ್ಮ ಬಹರೈನ್‌ನ ತೈಲ ಕಂಪನಿ ಬಾಪ್ಕೋ ಅಂತ ಸುದ್ದಿಮಾಧ್ಯಮಗಳು ಬರೆದವು. ದಾಳಿಕೋರರು ಒಳಗೆ ಬಂದದ್ದು ವಿಪಿಎನ್ ದೋಷದ ಮೂಲಕ. ಕುತಂತ್ರಾಂಶವನ್ನು ಹಂಚಲು ಅವರು ಬಳಸಿದ್ದು ಏನು ಗೊತ್ತಾ? ಆಂಟಿವೈರಸ್ಸಿನ ಕೇಂದ್ರ ನಿಯಂತ್ರಣ ಕನ್ಸೋಲು. ಎಲ್ಲ ಕಂಪ್ಯೂಟರಿಗೂ ಔಷಧ ತಲುಪಿಸೋಕೆ ಕಟ್ಟಿದ ಕಾಲುವೆಯಲ್ಲೇ ವಿಷ ಹರಿಯಿತು. ಹತ್ತು ಮನೆಗೆ ಒಂದೇ ಬಾವಿ ಇದ್ದರೆ ಶುದ್ಧ ಇಡೋದು ಸುಲಭ, ಆ ಒಂದು ಬಾವಿ ಕೆಟ್ಟರೆ ಮಾತ್ರ ಕುಡಿಯೋಕೆ ಬೇರೆ ನೀರಿಲ್ಲ.

ಹಾಗಾದ್ರೆ ಎಷ್ಟನ್ನು ಕೇಂದ್ರಕ್ಕೆ ಕೊಡಬೇಕು, ಎಷ್ಟನ್ನು ಮೇಜಿನ ಮೇಲೆ ಉಳಿಸಿಕೊಳ್ಳಬೇಕು? ಇಲ್ಲಿಗೆ ನಮ್ಮ ಮೈಟೋಕಾಂಡ್ರಿಯಾ ಬಂತು.

ನಮ್ಮ ಜೀವಕೋಶದ ವಿದ್ಯುತ್ ಮನೆ ಅಂತ ಶಾಲೆಯಲ್ಲಿ ಓದಿರ್ತೀರಿ. ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಅದು ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು, ಇನ್ನೊಂದು ಕೋಶದ ಒಳಗೆ ಸೇರಿಕೊಂಡು ಅಲ್ಲೇ ಸಂಸಾರ ಹೂಡಿತು. ಲಿನ್ ಮಾರ್ಗುಲಿಸ್ 1967ರಲ್ಲಿ ಇದನ್ನು ವಾದಿಸಿದಾಗ ಬಹಳ ಜನ ನಂಬಲಿಲ್ಲ, ಈಗ ಪಠ್ಯಪುಸ್ತಕದಲ್ಲೇ ಇದೆ. ಬರುವಾಗ ಅದರ ಕೈಲಿ ಸಾವಿರಾರು ಜೀನ್‌ಗಳಿದ್ದವು. ಕಾಲ ಕಳೆದ ಹಾಗೆ ಕೆಲವು ಬಿದ್ದುಹೋದವು, ಬಹಳಷ್ಟು ಜೀನ್‌ಗಳು ಒಂದೊಂದಾಗಿ ಕೋಶಕೇಂದ್ರಕ್ಕೆ ವರ್ಗವಾದವು. ಇವತ್ತು ಮೈಟೋಕಾಂಡ್ರಿಯಾದಲ್ಲಿ ಕೆಲಸ ಮಾಡುವ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ಆದೇಶ ಇರೋದು ಕೋಶಕೇಂದ್ರದಲ್ಲಿ. ಪ್ರೋಟೀನು ಹೊರಗೆ ತಯಾರಾಗಿ ಒಳಗೆ ಸಾಗಾಟ ಆಗುತ್ತೆ. ಪಕ್ಕಾ ಥಿನ್ ಕ್ಲೈಂಟ್! ಯಾಕೆ ಹೀಗಾಯ್ತು ಅನ್ನೋದಕ್ಕೆ ಒಂದು ವಿವರಣೆ, ಮೈಟೋಕಾಂಡ್ರಿಯಾ ಬೆಂಕಿ ಇರುವ ಜಾಗ. ಉಸಿರಾಟದ ರಾಸಾಯನಿಕ ಕ್ರಿಯೆಯಿಂದ ಅಲ್ಲಿ ಡಿಎನ್ಎಗೆ ಪೆಟ್ಟು ಬೀಳೋದು ಜಾಸ್ತಿ. ಒಲೆಯ ಪಕ್ಕದಲ್ಲಿ ಲೆಕ್ಕದ ಪುಸ್ತಕ ಇಡ್ತೀರಾ? ಇಡಲ್ಲ ಅಲ್ವಾ. ನಡುಮನೆಯ ಬೀರುವಿನಲ್ಲಿ ಇಡ್ತೀರಿ.

ಸರಿ, ಹಾಗಿದ್ರೆ ಎಲ್ಲವೂ ಹೋಗಬೇಕಿತ್ತಲ್ಲ? ಹೋಗಲಿಲ್ಲ. ಮನುಷ್ಯರ ಮೈಟೋಕಾಂಡ್ರಿಯಾದಲ್ಲಿ ಇವತ್ತಿಗೂ 16,569 ಅಕ್ಷರಗಳ ಪುಟ್ಟ ಡಿಎನ್ಎ ಉಂಗುರ ಇದೆ. ಕೇಂಬ್ರಿಜ್‌ನಲ್ಲಿ ಅದನ್ನು ಪೂರ್ತಿ ಓದಿ ಮುಗಿಸಿದ್ದು 1981ರಲ್ಲಿ. ಅದರಲ್ಲಿ 37 ಜೀನ್. ಅವುಗಳಲ್ಲಿ 13 ಮಾತ್ರ ಪ್ರೋಟೀನಿಗೆ, ಉಳಿದ 24 ಆ ಪ್ರೋಟೀನುಗಳನ್ನು ಅಲ್ಲೇ ತಯಾರಿಸಲು ಬೇಕಾದ ಸಲಕರಣೆಗೆ. ಯೋಚನೆ ಮಾಡಿ, 13 ವಸ್ತು ಸ್ಥಳದಲ್ಲೇ ತಯಾರಿಸೋದಕ್ಕಾಗಿ ಒಂದು ಇಡೀ ಕಾರ್ಖಾನೆ ಇಟ್ಟುಕೊಂಡಿದೆ. ದುಬಾರಿ ಬಾಬತ್ತು. ಯಾವ ಐಟಿ ಸಲಹೆಗಾರ ಬಂದರೂ ‘ಇದನ್ನೂ ಕೇಂದ್ರಕ್ಕೆ ಕೊಡಿ’ ಅಂತಾನೇ ಹೇಳ್ತಾನೆ.

ಆ 13 ಯಾಕೆ ಉಳಿದವು ಅನ್ನೋದರ ಬಗ್ಗೆ ಇನ್ನೂ ಚರ್ಚೆ ಇದೆ. ಕೆಲವು ಪ್ರೋಟೀನುಗಳು ಪೊರೆಯೊಳಗೆ ಹುದುಗುವಂಥವು, ಹೊರಗಿನಿಂದ ಸಾಗಿಸೋದು ಕಷ್ಟ ಅನ್ನುತ್ತೆ ಒಂದು ವಾದ. ನಮಗೆ ಹೆಚ್ಚು ಹಿಡಿಸಿದ್ದು ಜಾನ್ ಅಲೆನ್ ಅನ್ನುವ ಜೀವರಸಾಯನ ವಿಜ್ಞಾನಿ ಮುಂದಿಟ್ಟ ಊಹೆ. ಆ ಪ್ರೋಟೀನುಗಳು ಶಕ್ತಿ ಉತ್ಪಾದನೆಯ ಸಾಲಿನ ನಟ್ಟನಡುವೆ ಇರುವವು. ಅಲ್ಲಿ ಎಲೆಕ್ಟ್ರಾನ್ ಹರಿವು ಏರುಪೇರಾದರೆ ಆ ಒಂದು ಮೈಟೋಕಾಂಡ್ರಿಯಾವೇ, ಅಲ್ಲೇ, ಆಗಲೇ ಉತ್ತರ ಕೊಡಬೇಕು. ಕೋಶದಲ್ಲಿ ಅಂಥವು ನೂರಾರು ಇರಬಹುದು. ಕೇಂದ್ರಕ್ಕೆ ವರದಿ ಹೋಗಿ, ಅಲ್ಲಿಂದ ಎಲ್ಲರಿಗೂ ಒಂದೇ ಆದೇಶ ಬಂದರೆ ಸರಿ ಇರುವವರಿಗೂ ಔಷಧ, ಕೆಟ್ಟವರಿಗೂ ಅಷ್ಟೇ ಔಷಧ. ತನ್ನ ಬೆಂಕಿಯನ್ನು ತಾನೇ ಸಂಭಾಳಿಸಲು ಬೇಕಾದಷ್ಟನ್ನು ಮಾತ್ರ ಅದು ಕೈಲಿ ಇಟ್ಟುಕೊಂಡಿದೆ ಅನ್ನೋದು ಈ ಊಹೆ.

ಇದನ್ನು ಹೇಳಿದಾಗ ಯಜಮಾನರು ಸುಮ್ಮನೆ ಕೇಳಿ, “ಹಾಗಾದ್ರೆ ನನ್ನ 37 ಯಾವುದು ಡಾಕ್ಟ್ರೇ?” ಅಂದರು. ಇಡೀ ಸಂಜೆಯ ಒಳ್ಳೇ ಪ್ರಶ್ನೆ ಅದೇ. ಕೊಟೇಶನ್ನಿನಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ.

ನಮಗೆ ಈ ಪ್ರಶ್ನೆಯ ಬೆಲೆ ಗೊತ್ತಾದದ್ದು ಪೆಟ್ಟು ತಿಂದು. ಹಿಂದೆ ನಾವು ಕೆಲಸ ಮಾಡ್ತಿದ್ದ ಒಂದು ಪ್ರಯೋಗಾಲಯದಲ್ಲಿ ಎಲ್ಲ ಕಂಪ್ಯೂಟರುಗಳನ್ನೂ ಒಂದೇ ಏಟಿಗೆ ಥಿನ್ ಕ್ಲೈಂಟ್ ಮಾಡಿದರು. ಪತ್ರ ಬರೆಯೋರಿಗೆ, ಪ್ರಬಂಧ ಓದೋರಿಗೆ ಸುಖವೇ ಆಯಿತು. ಮನೆಯಿಂದಲೂ ಅದೇ ಡೆಸ್ಕ್‌ಟಾಪು, ಲ್ಯಾಬಿನಲ್ಲೂ ಅದೇ. ಸೂಕ್ಷ್ಮದರ್ಶಕದ ಪಕ್ಕದ ಕಂಪ್ಯೂಟರನ್ನೂ ಎತ್ತಿಬಿಟ್ಟರು. ಕ್ಯಾಮೆರಾದ ಯುಎಸ್‌ಬಿಯನ್ನು ಡಬ್ಬಿಗೆ ಸಿಕ್ಕಿಸಿ, ಅಲ್ಲಿಂದ ಸರ್ವರಿಗೆ ಹಾಯಿಸಿದರು. ಒಂದೊಂದು ಫೋಟೋ ತೆಗೆಯೋಕೆ ಪರವಾಗಿರಲಿಲ್ಲ. ಆಮೇಲೆ ನಾವು 48 ಗಂಟೆಯ ಚಿತ್ರಣ ಇಟ್ಟೆವು; ಹತ್ತು ನಿಮಿಷಕ್ಕೊಂದು ಚಿತ್ರ, ಕೋಶಗಳು ವಿಭಜನೆ ಆಗೋದನ್ನು ನೋಡಬೇಕಿತ್ತು. ಆ ಕೋಶಗಳನ್ನು ಆ ಹಂತಕ್ಕೆ ತರೋಕೆ ಮೂರು ವಾರ ಹಿಡಿದಿತ್ತು. ಬೆಳಿಗ್ಗೆ ಬಂದು ನೋಡಿದರೆ ಚಿತ್ರಗಳು ರಾತ್ರಿ ಹತ್ತೂವರೆಗೇ ನಿಂತಿವೆ. ನಾಲ್ಕು ಗಂಟೆ ಯಾರೂ ಮೌಸ್ ಮುಟ್ಟದಿದ್ದರೆ ಬಳಕೆದಾರ ಮನೆಗೆ ಹೋಗಿದ್ದಾನೆ ಅಂತ ತಿಳಿದು ಸೆಷನ್ ಮುಚ್ಚುವ ನಿಯಮ ಸರ್ವರಿನಲ್ಲಿ ಇತ್ತಂತೆ. ನಿಯಮ ಮಾಡಿದವರದ್ದೂ ತಪ್ಪಲ್ಲ. ಗುಮಾಸ್ತರ ಮೇಜಿಗೆ ಅದು ಒಳ್ಳೇ ನಿಯಮ. ಅವರ ಕಣ್ಣಿಗೆ ಗುಮಾಸ್ತರ ಮೇಜೂ ಸೂಕ್ಷ್ಮದರ್ಶಕವೂ ಒಂದೇ ಪಟ್ಟಿಯ ಎರಡು ಸಾಲುಗಳಾಗಿದ್ದವು, ಅಷ್ಟೇ. ಒಂದು ಹಳೇ ಕಂಪ್ಯೂಟರನ್ನು ಗೋದಾಮಿನಿಂದ ವಾಪಸ್ ತರೋಕೆ ನಮಗೆ ಐದು ಅರ್ಜಿ ಬೇಕಾಯಿತು.

ಬಿಸಿ ಕಾವಲಿ ಮುಟ್ಟಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತಲ್ಲ, ಆ ಆದೇಶ ಹೊರಡೋದು ಬೆನ್ನುಹುರಿಯಿಂದ. ಸುಟ್ಟಿತು ಅನ್ನುವ ಸುದ್ದಿ ಮಿದುಳಿಗೆ ಆಮೇಲೆ ಮುಟ್ಟುತ್ತೆ. ಅತಿ ವೇಗದ ನರದಲ್ಲೂ ಸಂದೇಶದ ವೇಗ ಸೆಕೆಂಡಿಗೆ ಹೆಚ್ಚೆಂದರೆ 120 ಮೀಟರಿನ ಆಸುಪಾಸು. ಗಾಜಿನ ಎಳೆಯಲ್ಲಿ ಬೆಳಕು ಅದಕ್ಕಿಂತ ಎಷ್ಟೋ ಲಕ್ಷ ಪಟ್ಟು ವೇಗ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಆದರೂ ದೂರ ಅನ್ನೋದು ಇದೆಯಲ್ಲ. ಹಮದ್ ಟೌನ್‌ನಿಂದ ಮುಂಬೈಗೆ ನೇರ ಅಳೆದರೆ ಸುಮಾರು 2,400 ಕಿಲೋಮೀಟರ್. ಹೋಗಿ ಬರೋಕೆ ಬೆಳಕಿಗೇ 24 ಮಿಲಿಸೆಕೆಂಡ್ ಬೇಕು. ಕೇಬಲ್ಲು ನೇರ ಹೋಗಲ್ಲ, ನಡುವೆ ಹತ್ತು ಕಡೆ ನಿಂತು ಹೋಗುತ್ತೆ, ಅದಕ್ಕೆ ಇದಕ್ಕಿಂತ ಜಾಸ್ತಿಯೇ ಆಗುತ್ತೆ. 100 ಮಿಲಿಸೆಕೆಂಡ್ ಮೀರಿದರೆ ಟೈಪ್ ಮಾಡುವವರಿಗೆ ಕೀಬೋರ್ಡಿಗೆ ಬೆಲ್ಲ ಅಂಟಿದ ಹಾಗೆ ಅನಿಸುತ್ತೆ. ಹಾಗಾಗಿ ನಾವು ಮಾರುವ ಹುಡುಗನಿಗೆ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ: ಸರ್ವರು ಯಾವ ದೇಶದಲ್ಲಿದೆ? ಅವನಿಗೆ ಗೊತ್ತಿರಲಿಲ್ಲ. ‘ಕ್ಲೌಡಿನಲ್ಲಿದೆ’ ಅಂದ.

ಬಹರೈನ್‌ನಲ್ಲಿ ಈ ಪ್ರಶ್ನೆಗೆ ಒಳ್ಳೇ ಉತ್ತರ ಸಿಗೋ ಸಾಧ್ಯತೆ ಇದೆ. 2017ರಲ್ಲಿ ಸರ್ಕಾರ ‘ಕ್ಲೌಡ್ ಮೊದಲು’ ನೀತಿ ತಂದಿತು, 2019ರ ಜುಲೈಯಲ್ಲಿ ಅಮೆಜಾನ್ ತನ್ನ ಮಧ್ಯಪ್ರಾಚ್ಯದ ಮೊದಲ ದತ್ತಾಂಶ ಕೇಂದ್ರಗಳ ವಲಯವನ್ನು ತೆರೆದದ್ದು ಇದೇ ದ್ವೀಪದಲ್ಲಿ. ಅದೇ ವರ್ಷ ಆಗಸ್ಟ್ 1ರಿಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಜಾರಿಗೆ ಬಂತು, 2018ರ 30ನೇ ಕಾನೂನು. ಗ್ರಾಹಕರ ಹೆಸರು, ಮನೆ, ರೋಡು, ಬ್ಲಾಕ್ ನಂಬರು, ಫೋನು, ಇಷ್ಟು ಯಜಮಾನರ ಪಟ್ಟಿಯಲ್ಲಿದೆ. ಅದನ್ನು ದೇಶದಿಂದ ಹೊರಗೆ ಕಳಿಸೋದಕ್ಕೆ ಶರತ್ತುಗಳಿವೆ. ಸರ್ವರು ಎಲ್ಲಿದೆ ಅಂತ ಗೊತ್ತಿಲ್ಲದೆ ಸಹಿ ಹಾಕಬಾರದು.

ಲೈನು ಕಡಿದರೆ? 2008ರ ಜನವರಿ 30ರಂದು ಅಲೆಕ್ಸಾಂಡ್ರಿಯಾ ಹತ್ತಿರ ಸಮುದ್ರದಡಿಯ ಎರಡು ಕೇಬಲ್ ಕಡಿದವು, ಎರಡು ದಿನ ಬಿಟ್ಟು ದುಬೈ ಬಳಿ ಫಾಲ್ಕನ್ ಕೇಬಲ್. ಗಲ್ಫಿನಿಂದ ಭಾರತದವರೆಗೆ ಇಂಟರ್ನೆಟ್ ಕುಂಟಿತು. ಆಗ ಡೆಸ್ಕ್‌ಟಾಪು ಮೇಜಿನ ಮೇಲೇ ಇದ್ದ ಕಾರಣ ಈಮೇಲ್ ಹೋಗಲಿಲ್ಲ ಅನ್ನೋದಷ್ಟೇ ಬಹಳ ಜನರ ಗೋಳಾಗಿತ್ತು. ಡೆಸ್ಕ್‌ಟಾಪೇ ಲೈನಿನ ಆ ತುದಿಯಲ್ಲಿದ್ದರೆ ಗೋಳು ಬೇರೆ ಥರ ಇರುತ್ತೆ.

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಅನ್ನೋ ಮಾತನ್ನು ಊರಿಗೆ ಹೋದಾಗ ಒಂದಲ್ಲ ಒಂದು ಕೌಂಟರಿನಲ್ಲಿ ಕೇಳದವರು ಯಾರಿದ್ದೀರಿ? ಆದರೂ ನಾವು ಕೇಂದ್ರೀಕರಣವನ್ನು ಬೈಯಲ್ಲ. 2000ದ ಆಸುಪಾಸಿನಲ್ಲಿ ಕರ್ನಾಟಕ ‘ಭೂಮಿ’ ಯೋಜನೆಯಲ್ಲಿ 177 ತಾಲ್ಲೂಕುಗಳ, 67 ಲಕ್ಷ ರೈತರ, ಸುಮಾರು 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿತು. ಅಲ್ಲಿಯವರೆಗೆ ಪಹಣಿ ಇರ್ತಿದ್ದದ್ದು ಗ್ರಾಮಲೆಕ್ಕಿಗರ ಕೈಯಲ್ಲಿ. ಅವರು ಸಿಗಬೇಕು, ಸಿಕ್ಕಿದ ಮೇಲೆ ಅವರಿಗೆ ಮನಸ್ಸು ಬರಬೇಕು. ತಾಲ್ಲೂಕು ಕಚೇರಿಯ ಕಿಯಾಸ್ಕಿನಲ್ಲಿ ಹಣ ಕೊಟ್ಟು ಪಹಣಿ ತಗೊಳ್ಳೋದು ಅದಕ್ಕಿಂತ ಎಷ್ಟೋ ಮೇಲು. ನಮ್ಮ ಅಜ್ಜ ಇದ್ದಿದ್ದರೆ ಇಲ್ಲಿ ನಮ್ಮ ಪಕ್ಷ ವಹಿಸ್ತಿದ್ದರು. ಹಳ್ಳಿಯ ಚೀಲದಲ್ಲಿದ್ದಾಗ ಒಬ್ಬರ ಮರ್ಜಿ ಇತ್ತು, ಸರ್ವರಿಗೆ ಹೋದ ಮೇಲೆ ಲೈನಿನ ಮರ್ಜಿ ಬಂತು. ಎರಡನೆಯದಕ್ಕೆ ಕನಿಷ್ಠ ಲಂಚ ಕೊಡಬೇಕಾಗಿಲ್ಲ.

ಇನ್ನೊಂದು ಮಾತು, ಮಾಲೀಕರ ಕೊಟೇಶನ್ನಿನಲ್ಲಿ ಎಂದೂ ಇರದ್ದು: ಆ ಮೇಜಿನಲ್ಲಿ ಕೂರುವವರು. ಈ ಆಫೀಸಿನಲ್ಲಿ ಅಕೌಂಟ್ಸ್ ನೋಡುವ ಹುಡುಗಿ ಭಟ್ಕಳದವಳು. ಅವಳ ಕಂಪ್ಯೂಟರಿನಲ್ಲಿ ಬರಹ ಇದೆ, ಊರಿಗೆ ಕನ್ನಡದಲ್ಲಿ ಪತ್ರ ಬರೀತಾಳೆ, ಮಗಳ ಫೋಟೋ ಹಿನ್ನೆಲೆಯಲ್ಲಿ ಇಟ್ಕೊಂಡಿದ್ದಾಳೆ. ಕೇಂದ್ರದಿಂದ ಬರುವ ಡೆಸ್ಕ್‌ಟಾಪು ಎಲ್ಲರಿಗೂ ಒಂದೇ ಅಚ್ಚು. ಅದರಲ್ಲಿ ಕನ್ನಡ ಕೀಲಿಮಣೆ ಇದೆಯಾ ಇಲ್ವಾ ಅಂತ ಯಾರೂ ಕೇಳಿರೋದಿಲ್ಲ, ಹಾಕಿಕೊಳ್ಳುವ ಅಧಿಕಾರ ಅವಳಿಗೆ ಇರೋದಿಲ್ಲ. ಅದಕ್ಕಿಂತ ಹೆಚ್ಚು: ಇಲ್ಲಿ ಕೆಲಸವೇ ವೀಸಾ. ಕೆಲಸ ಹೋದ ಕ್ಷಣ ಒಂದು ಕ್ಲಿಕ್ಕಿನಲ್ಲಿ ಡೆಸ್ಕ್‌ಟಾಪೂ ಹೋಗುತ್ತೆ. ಸಂಬಳದ ಚೀಟಿಯ ಪ್ರತಿ, ಒಪ್ಪಂದದ ಸ್ಕ್ಯಾನ್, ಪಾಸ್‌ಪೋರ್ಟಿನ ಪ್ರತಿ ಅದರಲ್ಲೇ ಇಟ್ಟಿದ್ದರೆ ಅವೂ ಹೋದವು. ಇಡಬಾರದು ಅಂತ ಹೇಳೋದು ಸುಲಭ. ಸ್ವಂತ ಲ್ಯಾಪ್‌ಟಾಪ್ ಇಲ್ಲದವರು ಎಲ್ಲಿಡಬೇಕು? ಸರ್ವರಿನಲ್ಲಿ ಕೂತವರು ನೌಕರರ ಪರದೆಯನ್ನು ಅವರಿಗೆ ತಿಳಿಯದ ಹಾಗೆ ನೋಡುವ ಹಾಗೂ ವ್ಯವಸ್ಥೆ ಮಾಡಬಹುದು. ಈ ಮಾತು ಯಜಮಾನರಿಗೆ ಹೇಳಿದಾಗ ಅವರಿಗೆ ಸ್ವಲ್ಪ ಇರಿಸುಮುರಿಸು ಆಯಿತು. “ನಾನು ಹಾಗೆಲ್ಲ ನೋಡುವವ ಅಲ್ಲ” ಅಂದರು. ನಿಮ್ಮ ನಂತರ ಬರುವವರು? ಅಂತ ಕೇಳಿದೆವು. ನೋಡೋದಾದರೆ ತಿಳಿಸಿಯೇ ನೋಡುವುದು ಅಂತ ಒಪ್ಪಂದದ ಕಾಗದದಲ್ಲೇ ಬರೆಸಿದರು. ಭಟ್ಕಳದ ಹುಡುಗಿಗೆ ಒಂದು ಪೆನ್ ಡ್ರೈವ್ ತೆಗೆಸಿಕೊಟ್ಟರು, ಕನ್ನಡ ಕೀಲಿಮಣೆಯನ್ನು ಅಚ್ಚಿನಲ್ಲೇ ಸೇರಿಸೋಕೆ ಹೇಳಿದರು. ವಿಂಡೋಸಿನಲ್ಲಿ ಅದು ಮೊದಲಿಂದಲೂ ಇದೆ, ಆನ್ ಮಾಡಬೇಕಷ್ಟೇ.

ಕೊನೆಗೆ ನಾವು ಹೇಳಿದ್ದು ಇಷ್ಟು. ಹೊಸ ಡಬ್ಬಿ ಒಂಬತ್ತು ಬೇಡ. ಹಳೇ ಕಂಪ್ಯೂಟರುಗಳಲ್ಲಿ ಆರಕ್ಕೆ ಲಿನಕ್ಸ್ ಆಧಾರಿತ ಹಗುರ ತಂತ್ರಾಂಶ ಹಾಕಿದರೆ ಅವೇ ಥಿನ್ ಕ್ಲೈಂಟ್ ಆಗ್ತವೆ. ಬಿಸಿ, ಕರೆಂಟು ಅಷ್ಟು ಉಳಿಯಲ್ಲ, ನಿಜ, ಆದರೆ ಆರು ಪೆಟ್ಟಿಗೆ ಕಸಕ್ಕೆ ಹೋಗೋದು ಸ್ವಲ್ಪ ವರ್ಷ ತಪ್ಪುತ್ತೆ. ಅವು ಸಾಯ್ತಾ ಹೋದ ಹಾಗೆ ಡಬ್ಬಿ ತಗೊಳ್ಳಿ. ಲೈಸೆನ್ಸಿನ ಖರ್ಚು ಕೊಟೇಶನ್ನಿನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ, ಅದನ್ನು ಮೊದಲು ಓದಿ. ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡೋದು ಅಂದ್ರೆ ಅಂಗಡಿ ಶಟರು ಎತ್ತಿಟ್ಟು ಊರಿಗೆ ಹೋದ ಹಾಗೆ. ವಿಪಿಎನ್ ಬೇಕು, ಫೋನಿಗೆ ಬರುವ ಎರಡನೇ ದೃಢೀಕರಣ ಬೇಕು. ಟ್ಯಾಲಿಯ ನಕಲು ಪ್ರತಿ ರಾತ್ರಿ ಸರ್ವರಿನಿಂದ ಆಫೀಸಿನ ಡಿಸ್ಕಿಗೆ ಇಳಿಯಬೇಕು. ದಿಕ್ಕು ತಿರುಗಿದೆ ನೋಡಿ, ಮೊದಲು ಮೇಜಿನಿಂದ ಹೊರಗೆ ಬ್ಯಾಕಪ್ ಬೇಕಿತ್ತು, ಈಗ ಹೊರಗಿನಿಂದ ಮೇಜಿಗೆ. ಇಷ್ಟಕ್ಕೆ ಯಜಮಾನರು ತಲೆ ಆಡಿಸಿದರು. ಆಮೇಲೆ ಒಂದು ಹಳೇ ಬಿಲ್ಲಿನ ಹಿಂಬದಿಯಲ್ಲಿ ತಮ್ಮ 37 ಬರೆಯೋಕೆ ಕೂತರು. ಐದೇ ಆಯಿತು: ಆ ದಿನ ಹೋಗಬೇಕಾದ ಮನೆಗಳ ಪಟ್ಟಿ, ಗ್ಯಾಸ್ ಸಿಲಿಂಡರಿನ ಸ್ಟಾಕು, ಮೆಕ್ಯಾನಿಕ್‌ಗಳ ಫೋನ್ ನಂಬರು, ಯಾರು ಎಷ್ಟು ಕೊಡಬೇಕು ಅನ್ನೋದು, ಮತ್ತೆ ಬಿಲ್ಲು. ಇದಕ್ಕಾಗಿ ಕೌಂಟರಿನಲ್ಲಿ ಒಂದು ಪೂರ್ಣ ಕಂಪ್ಯೂಟರು ಹೊಸದು, ಲೈನ್ ಇಲ್ಲದೆಯೂ ಬಿಲ್ ಆಗುವಂಥದ್ದು. ಡಿಸ್‌ಪ್ಯಾಚಿಗೆ ಇನ್ನೊಂದು. ಬಿಲ್ಲಿನ ಪಕ್ಕ ಬ್ರಾಕೆಟ್ ಹಾಕಿ ‘ಕಾರ್ಬನ್ ಬುಕ್ಕು’ ಅಂತಲೂ ಬರೆದುಕೊಂಡರು. ಒಂಬತ್ತನೆಯ ಕಂಪ್ಯೂಟರು ಗೋದಾಮಿನದು, ಅದರ ವಿಚಾರ ಇನ್ನೂ ತೀರ್ಮಾನ ಆಗಿಲ್ಲ.

ಮಾರುವ ಹುಡುಗ ಮೂರು ಮೇಜಿಗೆ ಒಂದು ತಿಂಗಳ ಟ್ರಯಲ್ ಕೊಟ್ಟ. ಪಾಪ, ಒಳ್ಳೇ ಹುಡುಗ. ಸರ್ವರು ಬಹರೈನ್‌ನಲ್ಲೇ ಇದೆ ಅಂತ ವಿಚಾರಿಸಿ, ಬರಹದಲ್ಲೇ ಕಳಿಸಿದ. ಮೊನ್ನೆ ಶುಕ್ರವಾರ ಬೆಳಿಗ್ಗೆ, ಕೆಲಸ ಕಡಿಮೆ ಇರುವ ಹೊತ್ತಿನಲ್ಲಿ, ನಾವೇ ಹೋಗಿ ಒಂದು ಪರೀಕ್ಷೆ ಮಾಡಿದೆವು. ಯಜಮಾನರು ತಮ್ಮ ಕೈಯಾರೆ ರೂಟರಿನ ವೈರು ಎಳೆದರು. ಒಂದು ಗಂಟೆ ಇಂಟರ್ನೆಟ್ ಇಲ್ಲದೆ ಆಫೀಸು ನಡೆಸೋದು ಅಂತ ಲೆಕ್ಕ. ಮೂರು ಮೇಜಿನ ಪರದೆ ತಕ್ಷಣ ನಿಂತಿತು, ಅದು ಗೊತ್ತಿದ್ದದ್ದೇ. ಕೌಂಟರಿನಲ್ಲಿ ಬಿಲ್ ಆಯಿತು. ಮನೆಗಳ ಪಟ್ಟಿ ಬೆಳಿಗ್ಗೆ ಏಳಕ್ಕೇ ಕಾಗದದಲ್ಲಿ ಬಂದಿತ್ತು. ಸ್ಟಾಕಿನ ಹಾಳೆ ಗೋಡೆಯಲ್ಲಿತ್ತು. ಎಲ್ಲ ಸರಿ ಅಂತ ಚಹಾ ತರಿಸಿ ಕುಡಿದೆವು.

ಇಪ್ಪತ್ತು ನಿಮಿಷ ಆದ ಮೇಲೆ ಯಜಮಾನರು ಕಪ್ಪು ಕೆಳಗಿಟ್ಟು, “ಡಾಕ್ಟ್ರೇ, ಇವತ್ತು ಎಂತ ಇಷ್ಟು ಶಾಂತ?” ಅಂದರು. ಜುಲೈ ತಿಂಗಳು, ಹೊರಗೆ 40 ಡಿಗ್ರಿ ದಾಟಿದೆ, ಒಂದು ಫೋನೂ ಬಂದಿಲ್ಲ. ಆಫೀಸಿನ ಟೆಲಿಫೋನುಗಳು ಎರಡು ವರ್ಷದ ಹಿಂದೆಯೇ ಇಂಟರ್ನೆಟ್ ಫೋನ್ ಆಗಿದ್ದವು, ಅದೇ ರೂಟರಿನ ಮೇಲೆ. ಬಿಲ್ಲಿನ ಹಿಂದೆ ಬರೆದ ಪಟ್ಟಿಯಲ್ಲಿ ಅದು ಇರಲಿಲ್ಲ, ನಮಗೂ ಹೊಳೆದಿರಲಿಲ್ಲ. ವೈರು ಸಿಕ್ಕಿಸಿದ ಮೇಲೆ ಗ್ರಾಹಕರಿಂದ ತಿರುಗಿ ಬಂದ ಮೊದಲ ಕರೆ ಒಬ್ಬ ಅಜ್ಜಿಯದು. ಅರ್ಧ ಗಂಟೆಯಿಂದ ಪ್ರಯತ್ನ ಮಾಡ್ತಿದ್ದರಂತೆ, ಮನೆ ಇರೋದು ಎರಡು ದವ್ವಾರ್ ಆಚೆ. ಯಜಮಾನರು ತಾವೇ ಕೀ ತಗೊಂಡು ವ್ಯಾನ್ ಹತ್ತಿದರು. ಸಂಜೆ ಬಂದು, ಗುಂಡಿ ಒತ್ತುವ ಒಂದು ಸಾದಾ ಮೊಬೈಲು ತಂದು ಕೌಂಟರಿನ ಮೊಳೆಗೆ ನೇತು ಹಾಕಿದ್ದಾರೆ. ಲೈನ್ ಬಿದ್ದರೆ ಆಫೀಸಿನ ನಂಬರು ಅದಕ್ಕೆ ತಿರುಗಬೇಕು. ತಿರುಗುತ್ತೋ ಇಲ್ವೋ ನೋಡೋಕೆ ಬರುವ ಶುಕ್ರವಾರ ಮತ್ತೆ ವೈರು ಎಳೀತೇವೆ. ಅದರಲ್ಲಿ ಏನಾಯ್ತು ಅಂತ ಮುಂದಿನ ಸಂಚಿಕೆಯ ಶುರುವಿನಲ್ಲಿ ಎರಡು ನಿಮಿಷ ಹೇಳ್ತೇವೆ, ಆಮೇಲೆ ನಮ್ಮ ಎಂದಿನ ಬ್ಯಾಕ್ಟೀರಿಯಾಗಳಿಗೆ ವಾಪಸ್.